ಸೇವೆ, ಪರಿಸರದ ಹೆಸರು ಹೇಳುವ ಬ್ರ್ಯಾಂಡ್‌ಗಳಿಂದ ಕನ್ನಡಕ ಆರಿಸುವುದು ಹೇಗೆ? ಕರಾವಳಿಯವರಿಗೊಂದು ಸಮಗ್ರ ಮಾರ್ಗದರ್ಶಿ

ಕನ್ನಡಕಕ್ಕೆ ಕೊಡುವ ದುಡ್ಡಿನಲ್ಲಿ ಒಂದು ಪಾಲು ಒಳ್ಳೆಯ ಕೆಲಸಕ್ಕೆ ಹೋಗಲಿ, ಫ್ರೇಮ್ ಕೂಡ ಪರಿಸರಕ್ಕೆ ಹೊರೆಯಾಗದಿರಲಿ ಎಂದು ಬಯಸುವವರು ಮಂಗಳೂರು, ಉಡುಪಿ ಕಡೆ ತುಂಬಾ ಜನ ಇದ್ದಾರೆ. ಆದರೆ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಮೊದಲು ಬ್ರ್ಯಾಂಡಿನ ಮಾತಿಗೆ ಮನಸೋಲುತ್ತಾರೆ, ಆಮೇಲೆ ಚೆಂದ ಕಂಡ ಫ್ರೇಮ್ ಆರಿಸುತ್ತಾರೆ, ಎಲ್ಲ ಮುಗಿದ ಮೇಲೆ ಪವರ್ ಚೀಟಿ ಹುಡುಕುತ್ತಾರೆ. ಆಟಿ ತಿಂಗಳ ಮಳೆಗೆ ಬಿದಿರಿನ ಕಡ್ಡಿ ಉಬ್ಬುತ್ತದೆ, ಫ್ರೇಮ್ ಮೂಗಿನಿಂದ ಜಾರುತ್ತದೆ, ಕನ್ನಡಕ ಡ್ರಾಯರ್ ಸೇರುತ್ತದೆ, ಇನ್ನೊಂದು ಕೊಳ್ಳಬೇಕಾಗುತ್ತದೆ. ಒಂದರ ಜಾಗದಲ್ಲಿ ಎರಡು ಫ್ರೇಮ್ ಖರ್ಚಾದರೆ ಪರಿಸರಕ್ಕೆ ಏನು ಉಳಿಯಿತು?

ಹಾಗಾಗಿ ಕ್ರಮ ಬದಲಿಸಿ. ಮೊದಲು ಕಣ್ಣು, ಆಮೇಲೆ ಮುಖದ ಅಳತೆ, ಆಮೇಲೆ ನಮ್ಮ ಹವೆಗೆ ಬಾಳುವ ವಸ್ತು. ಬ್ರ್ಯಾಂಡಿನ ಮಾತನ್ನು ತೂಗಿ ನೋಡುವುದು ಕೊನೆಗೆ.

ಕೈಯಲ್ಲಿ ಏನೇನು ಇರಬೇಕು

ಹೊಸ ಪವರ್ ಚೀಟಿ, ನೀವು ಈಗ ಹಾಕುತ್ತಿರುವ ಕನ್ನಡಕ, ಮಿಲಿಮೀಟರ್ ಗುರುತು ಇರುವ ಒಂದು ಸ್ಕೇಲ್, ಟಾರ್ಚ್ ಇರುವ ಮೊಬೈಲ್. ಇಷ್ಟು ಸಾಕು. ದ್ವಿಚಕ್ರ ಓಡಿಸುವವರು ಹೆಲ್ಮೆಟ್ ಕೂಡ ಅಂಗಡಿಗೆ ತೆಗೆದುಕೊಂಡು ಹೋಗಿ. ನಾಚಿಕೆ ಬೇಡ. ಕಡ್ಡಿ ದಪ್ಪ ಇದ್ದರೆ ಹೆಲ್ಮೆಟ್ ಒಳಗೆ ಕಿವಿ ಮೇಲೆ ಒತ್ತುತ್ತದೆ. ಇದು ಹಾಕಿ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಹಂತ 1: ಪವರ್ ಚೀಟಿ ಕೈಗೆ ಬರಲಿ

ಚೀಟಿ ಇಲ್ಲದೆ ಫ್ರೇಮ್ ನೋಡಲು ಹೋಗಬೇಡಿ. ಮೈನಸ್ 5 ಇರುವವರು ದೊಡ್ಡ ಚೌಕದ ಫ್ರೇಮ್ ಹಾಕಿದರೆ ಗ್ಲಾಸಿನ ಅಂಚು ದಪ್ಪವಾಗಿ ಹೊರಗೆ ಕಾಣುತ್ತದೆ, ಭಾರಕ್ಕೆ ಮೂಗು ನೋಯುತ್ತದೆ. ಅವರಿಗೆ ಚಿಕ್ಕದಾದ, ಕಣ್ಣು ಫ್ರೇಮಿನ ನಡುವೆ ಬರುವಂಥದ್ದೇ ಸರಿ. ಪವರ್ ಕಡಿಮೆ ಇದ್ದರೆ ಈ ಕಟ್ಟುಪಾಡು ಇಲ್ಲ.

ಚೀಟಿಯಲ್ಲಿ ಎಸ್‌ಪಿಎಚ್ (ಮುಖ್ಯ ಪವರ್), ಸಿಲಿಂಡರ್ (ಓರೆ ದೃಷ್ಟಿದೋಷ ಸರಿಪಡಿಸುವ ಪವರ್), ಆಕ್ಸಿಸ್ (ಆ ಸಿಲಿಂಡರ್ ಕೂರಿಸುವ ಕೋನ) ಸಾಮಾನ್ಯವಾಗಿ ಇರುತ್ತವೆ. ನಲವತ್ತು ದಾಟಿದವರಿಗೆ ಹತ್ತಿರದ ನೋಟಕ್ಕೆ ಸೇರಿಸುವ ಆ್ಯಡ್ ಅಂತ ಇನ್ನೊಂದು ಸಂಖ್ಯೆ ಬರುತ್ತದೆ. ಎಷ್ಟೋ ಚೀಟಿಗಳಲ್ಲಿ ಬಿಟ್ಟುಹೋಗುವುದು ಪಿಡಿ, ಅಂದರೆ ಎರಡು ಕಣ್ಣಿನ ಪಾಪೆಗಳ ನಡುವಿನ ಅಂತರ. ದೊಡ್ಡವರಲ್ಲಿ ಇದು ಹೆಚ್ಚಾಗಿ 54ರಿಂದ 74 ಮಿ.ಮೀ. ನಡುವೆ ಇರುತ್ತದೆ. ಆನ್‌ಲೈನ್‌ನಲ್ಲಿ ತರಿಸುವ ಯೋಚನೆ ಇದ್ದರೆ ಪಿಡಿ ಬರೆಸಿಕೊಳ್ಳದೆ ಅಲ್ಲಿಂದ ಏಳಬೇಡಿ. ದೂರದ್ದು, ಹತ್ತಿರದ್ದು ಎರಡೂ ಒಂದೇ ಗ್ಲಾಸಿನಲ್ಲಿ ಕಾಣುವ ಪ್ರೊಗ್ರೆಸಿವ್ ಗ್ಲಾಸ್ ಬೇಕಾದವರು ಆನ್‌ಲೈನ್ ಬಿಟ್ಟುಬಿಡುವುದೇ ಒಳ್ಳೆಯದು, ಯಾಕೆಂದರೆ ಅದಕ್ಕೆ ಫ್ರೇಮನ್ನು ಮುಖದ ಮೇಲೆ ಇಟ್ಟೇ ಎತ್ತರದ ಗುರುತು ಹಾಕಬೇಕು.

ಅಂಗಡಿಯ ಕಂಪ್ಯೂಟರ್ ಟೆಸ್ಟ್ ಪವರ್ ಅಂದಾಜಿಗೆ ಆಗುತ್ತದೆ. ಆದರೆ ಸಕ್ಕರೆ ಕಾಯಿಲೆ ಇರುವವರು, ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇರುವವರು, ಪವರ್ ಬೇಗ ಬೇಗ ಬದಲಾಗುತ್ತಿರುವವರು ಕಣ್ಣಿನ ಡಾಕ್ಟರಲ್ಲಿಗೇ ಹೋಗಬೇಕು. ಮಂಗಳೂರಿನ ವೆನ್ಲಾಕ್, ಮಣಿಪಾಲದ ಕೆಎಂಸಿ, ಉಡುಪಿಯ ಪ್ರಸಾದ್ ನೇತ್ರಾಲಯ ಹೀಗೆ ನಮ್ಮಲ್ಲಿ ಇದಕ್ಕೆ ಕೊರತೆ ಇಲ್ಲ.

ಹಂತ 2: ಹಳೆ ಫ್ರೇಮಿಗೇ ಹೊಸ ಗ್ಲಾಸ್ ಆಗುತ್ತದಾ ನೋಡಿ

ಈ ಹಂತವನ್ನು ಬಹುತೇಕ ಎಲ್ಲರೂ ಹಾರಿಸುತ್ತಾರೆ. ಪರಿಸರದ ಲೆಕ್ಕದಲ್ಲಿ ಕೊಳ್ಳದೇ ಇರುವ ಫ್ರೇಮಿಗಿಂತ ಒಳ್ಳೆಯ ಫ್ರೇಮ್ ಇಲ್ಲ. ಕನ್ನಡಕವನ್ನು ತಲೆಕೆಳಗಾಗಿ ಮೇಜಿನ ಮೇಲೆ ಇಡಿ. ಎರಡೂ ಬದಿ ಸಮನಾಗಿ ಕೂರುತ್ತದಾ? ಕಡ್ಡಿ ಮಡಚುವಲ್ಲಿ ಬಿರುಕು ಬಿಟ್ಟಿದೆಯಾ? ಪ್ಲಾಸ್ಟಿಕ್ ಅಂಚು ಬೆಳ್ಳಗಾಗಿ ಸೀಳಿದೆಯಾ? ಇವೆಲ್ಲ ಸರಿ ಇದ್ದರೆ ಸ್ಕ್ರೂ, ಮೂಗಿನ ಪ್ಯಾಡ್ ಬದಲಿಸಿ ಹೊಸ ಗ್ಲಾಸ್ ಹಾಕಿಸಬಹುದು.

ಎರಡು ಎಚ್ಚರಿಕೆ. ತುಂಬಾ ಹಳೆಯ ಪ್ಲಾಸ್ಟಿಕ್ ಫ್ರೇಮ್ ಒಣಗಿ ಗಡುಸಾಗಿರುತ್ತದೆ, ಗ್ಲಾಸ್ ಕೂರಿಸುವಾಗ ಮುರಿಯಬಹುದು. ಮುರಿದರೆ ಯಾರು ಹೊಣೆ ಎಂದು ಮೊದಲೇ ಕೇಳಿ. ಫ್ರೇಮನ್ನು ಕೆಲವು ದಿನ ಅಂಗಡಿಯಲ್ಲೇ ಬಿಡಬೇಕಾಗಬಹುದು, ಅಷ್ಟು ದಿನಕ್ಕೆ ಇನ್ನೊಂದು ಕನ್ನಡಕ ಇದೆಯಾ ನೋಡಿಕೊಳ್ಳಿ.

ಹಂತ 3: ಕಡ್ಡಿಯ ಒಳಬದಿಯ ಅಂಕಿ ಓದಿ

ನಿಮಗೆ ಚೆನ್ನಾಗಿ ಕೂರುವ ಹಳೆ ಕನ್ನಡಕ ತೆಗೆದುಕೊಂಡು ಕಡ್ಡಿಯ ಒಳಬದಿಗೆ ಟಾರ್ಚ್ ಬಿಡಿ. ಸಣ್ಣಕ್ಕೆ 52, ಪುಟ್ಟ ಚೌಕದ ಗುರುತು, 18, ಆಮೇಲೆ 140 ಅಂತ ಏನಾದರೂ ಬರೆದಿರುತ್ತದೆ. ಮೊದಲನೆಯದು ಒಂದು ಗ್ಲಾಸಿನ ಅಗಲ, ಎರಡನೆಯದು ಮೂಗಿನ ಮೇಲಿನ ಸೇತುವೆ, ಮೂರನೆಯದು ಕಡ್ಡಿಯ ಉದ್ದ. ಎಲ್ಲವೂ ಮಿಲಿಮೀಟರಿನಲ್ಲಿ. ಇದರ ಫೋಟೋ ಹೊಡೆದಿಟ್ಟುಕೊಳ್ಳಿ. ಅಂಕಿ ಅಳಿಸಿಹೋಗಿದ್ದರೆ ಸ್ಕೇಲ್ ಹಿಡಿದು ಅಳೆಯಿರಿ.

ಹೊಸ ಫ್ರೇಮಿನ ಅಂಕಿ ಇದರಿಂದ ಒಂದೆರಡು ಮಿಲಿಮೀಟರ್ ಆಚೀಚೆ ಆದರೆ ತೊಂದರೆ ಇಲ್ಲ, ಸೇತುವೆಯ ಅಳತೆ ಮಾತ್ರ ಹೆಚ್ಚು ಬದಲಾಗಬಾರದು. ಅದು ಅಗಲ ಆದರೆ ನಮ್ಮ ಬೆವರಿಗೆ ಕನ್ನಡಕ ಐದು ನಿಮಿಷಕ್ಕೊಮ್ಮೆ ಜಾರುತ್ತದೆ. ಹೊರದೇಶದ ಪರಿಸರಸ್ನೇಹಿ ಫ್ರೇಮ್ ತರಿಸಿದವರು ತುಂಬಾ ಸಲ ದೂರುವುದೂ ಇದನ್ನೇ. ಎಷ್ಟೋ ಫ್ರೇಮ್‌ಗಳನ್ನು ಎತ್ತರದ ಮೂಗಿನವರ ಅಳತೆಗೆ ಮಾಡಿರುತ್ತಾರೆ, ಪ್ಯಾಡ್ ಹೊಂದಿಸುವ ದಾರಿಯೂ ಇರುವುದಿಲ್ಲ.

ಹಂತ 4: ನಮ್ಮ ಉಪ್ಪು ಗಾಳಿಗೆ ಬಾಳುವ ವಸ್ತು

ಫ್ರೇಮ್ ಒಂದರ ತೂಕ ಸುಮಾರು 15ರಿಂದ 30 ಗ್ರಾಂ. ಅದರಲ್ಲಿ ಉಳಿಸುವ ಪ್ಲಾಸ್ಟಿಕ್ ಎಷ್ಟು ಅಂತ ನೀವೇ ಯೋಚಿಸಿ. ಫ್ರೇಮ್ ಎಷ್ಟು ವರ್ಷ ಬಾಳುತ್ತದೆ ಎಂಬುದೇ ಇಲ್ಲಿ ದೊಡ್ಡ ಲೆಕ್ಕ. ಸಮುದ್ರದ ಗಾಳಿ, ಬೆವರು, ನಾಲ್ಕು ತಿಂಗಳ ಮಳೆ, ಇಷ್ಟನ್ನೂ ತಡೆದುಕೊಳ್ಳುವುದು ಎಲ್ಲ ವಸ್ತುವಿಗೂ ಆಗುವುದಿಲ್ಲ.

ನಿಮ್ಮ ಈಗಿನ ಮೆಟಲ್ ಫ್ರೇಮಿನ ಮೂಗಿನ ಪ್ಯಾಡ್ ಹಿಂದೆ ನೋಡಿ. ಪ್ಯಾಡ್ ಹಿಡಿದಿರುವ ಪುಟ್ಟ ಸ್ಕ್ರೂ ಸುತ್ತ ಹಸಿರು ಕಟ್ಟಿದೆಯಾ? ಅದು ಕಿಲುಬು. ಬೆವರಿನ ಉಪ್ಪು ಮೇಲಿನ ಲೇಪವನ್ನು ತಿಂದು ಒಳಗಿನ ತಾಮ್ರ ಬೆರೆತ ಲೋಹವನ್ನು ಮುಟ್ಟಿದೆ ಅಂತ ಅರ್ಥ. ಅಗ್ಗದ ಮೆಟಲ್ ಫ್ರೇಮಿನಲ್ಲಿ ನಿಕ್ಕಲ್ ಕೂಡ ಇರುತ್ತದೆ, ಕೆಲವರಿಗೆ ಕೆನ್ನೆ, ಕಿವಿ ಹಿಂದೆ ತುರಿಕೆ ಬರುವುದು ಅದರಿಂದಲೇ.

ಟೈಟಾನಿಯಂಗೆ ತುಕ್ಕಿನ ಭಯ ಇಲ್ಲ. ಹಗುರವಾಗಿದೆ, ವರ್ಷಗಟ್ಟಲೆ ಬರುತ್ತದೆ. ಬೆಲೆ ಜಾಸ್ತಿ. ಕಡ್ಡಿಯ ಒಳಗೆ ಟೈಟಾನಿಯಂ ಅಂತಲೇ ಬರೆದಿದೆಯಾ ನೋಡಿ, ಬಣ್ಣದ ಹೆಸರಿಗೆ ಟೈಟಾನಿಯಂ ಅಂತ ಸೇರಿಸಿ ಮಾರುವುದೂ ಉಂಟು.

ಅಸಿಟೇಟ್ ಎಂಬ ಬಗೆಯ ಪ್ಲಾಸ್ಟಿಕ್ ಮಾಡುವುದು ಹತ್ತಿ ಮತ್ತು ಮರದ ತಿರುಳಿನಿಂದ. ಹಾಗೆಂದು ಪೂರ್ತಿ ಗಿಡದ್ದು ಅಂದುಕೊಳ್ಳಬೇಡಿ, ಅದನ್ನು ಮೆತ್ತಗೆ ಮಾಡಲು ಬೆರೆಸುವ ರಾಸಾಯನಿಕ ಸಾಮಾನ್ಯವಾಗಿ ಪೆಟ್ರೋಲಿಯಂ ಮೂಲದ್ದು. ಇಟಲಿಯ ಮಜ್ಜುಕೆಲ್ಲಿ ಕಂಪನಿಯ ಎಂ49 ಎಂಬ ಬಯೋ ಅಸಿಟೇಟ್‌ನಲ್ಲಿ ಅದರ ಬದಲು ಸಸ್ಯಮೂಲದ್ದನ್ನು ಬಳಸುತ್ತಾರೆ. ಅಸಿಟೇಟಿನ ದೊಡ್ಡ ಗುಣ ಅಂದರೆ ಬಿಸಿ ಮಾಡಿ ಮುಖಕ್ಕೆ ಬೇಕಾದ ಹಾಗೆ ಬಗ್ಗಿಸಬಹುದು, ಬೆವರಿಗೆ ಬೆಳ್ಳಗಾದರೆ ಪಾಲಿಶ್ ಮಾಡಿಸಬಹುದು. ರಿಪೇರಿ ಆಗುವ ವಸ್ತು ಇದು. ನನ್ನ ಮಟ್ಟಿಗೆ ಕರಾವಳಿಗೆ ಟೈಟಾನಿಯಂ ಬಿಟ್ಟರೆ ಇದೇ.

ಟಿಆರ್90 ಒಂದು ಬಗೆಯ ನೈಲಾನ್. ಹಗುರ, ಬೇಗ ಮುರಿಯುವುದಿಲ್ಲ, ಮಕ್ಕಳಿಗೆ ಒಳ್ಳೆಯದು. ಆದರೆ ಬಿಸಿ ಮಾಡಿ ಹೊಂದಿಸುವುದು ಕಷ್ಟ, ಮುರಿದರೆ ಕಸವೇ. ಹರಳೆಣ್ಣೆಯಿಂದ ಮಾಡಿದ ನೈಲಾನ್ ಫ್ರೇಮ್‌ಗಳೂ ಬಂದಿವೆ. ಬಳಕೆಯಲ್ಲಿ ಅವು ಹೆಚ್ಚು ಕಡಿಮೆ ಹೀಗೆಯೇ.

ಬಿದಿರು, ಮರದ ಫ್ರೇಮ್ ಬೇಡ ಅನ್ನುವುದು ನನ್ನ ಸ್ಪಷ್ಟ ಸಲಹೆ. ತೇವಕ್ಕೆ ಉಬ್ಬುತ್ತದೆ, ಲೇಪ ಎದ್ದ ಕಡೆ ಬೂಸ್ಟು ಹಿಡಿಯುತ್ತದೆ, ಬಿಸಿ ಮಾಡಿ ಬಗ್ಗಿಸಲು ಬರುವುದಿಲ್ಲ. ಎಷ್ಟೋ ಬಿದಿರಿನ ಫ್ರೇಮ್‌ಗಳಲ್ಲಿ ಬಿದಿರು ಇರುವುದು ಕಡ್ಡಿಯಲ್ಲಿ ಮಾತ್ರ, ಮುಂದಿನ ಭಾಗ ಮಾಮೂಲಿ ಪ್ಲಾಸ್ಟಿಕ್.

ಹಂತ 5: ಪರಿಸರದ ಮಾತನ್ನು ಬಿಡಿಸಿ ಕೇಳಿ

ಈಗ ಬ್ರ್ಯಾಂಡಿನ ಸರದಿ. ಇಕೋ, ಗ್ರೀನ್, ಪರಿಸರಸ್ನೇಹಿ ಎಂಬ ಒಂಟಿ ಮಾತುಗಳಿಗೆ ಬೆಲೆ ಕೊಡಬೇಡಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಇದಕ್ಕೆಂದೇ ಮಾರ್ಗಸೂಚಿ ತಂದಿದೆ. ಇಂಥ ಮಾತು ಹೇಳುವವರು ಅದಕ್ಕೆ ಸರಿಯಾದ ವಿವರಣೆ, ಆಧಾರ ಕೊಡಬೇಕು, ಕ್ಯೂಆರ್ ಕೋಡ್ ಅಥವಾ ಲಿಂಕ್ ಮೂಲಕವಾದರೂ ಗ್ರಾಹಕರಿಗೆ ಸಿಗುವಂತೆ ಇಡಬೇಕು. ಅಂದರೆ ಕೇಳುವ ಹಕ್ಕು ನಿಮಗೆ ಇದೆ. ಮೋಸ ಅನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಬಹುದು.

ಆಧಾರ ಕಾಣದಿದ್ದರೆ ಕಂಪನಿಗೆ ಹೀಗೆ ಬರೆಯಿರಿ: “ಈ ಫ್ರೇಮಿನ ಯಾವ ಭಾಗದಲ್ಲಿ ಶೇಕಡಾ ಎಷ್ಟು ಮರುಬಳಕೆಯ ವಸ್ತು ಇದೆ? ಅದನ್ನು ಹೊರಗಿನ ಯಾವ ಸಂಸ್ಥೆ ಪರೀಕ್ಷಿಸಿದೆ? ಸ್ಕ್ರೂ, ಪ್ಯಾಡ್, ಕಡ್ಡಿ ಬಿಡಿಯಾಗಿ ಸಿಗುತ್ತವೆಯೇ, ಎಷ್ಟು ವರ್ಷ?” ಉತ್ತರ ಬಾರದಿದ್ದರೆ ಅದೇ ಉತ್ತರ. ಮೂರನೇ ಪ್ರಶ್ನೆಯನ್ನು ಮಾತ್ರ ಬಿಡಬೇಡಿ, ಬಿಡಿಭಾಗ ಸಿಗದ ಫ್ರೇಮ್ ಎಷ್ಟೇ ಹಸಿರಾದರೂ ಒಂದು ಸ್ಕ್ರೂ ಹೋದ ದಿನ ಮೂಲೆಗೆ ಬೀಳುತ್ತದೆ.

ಸಮುದ್ರದ ಪ್ಲಾಸ್ಟಿಕ್ ಅಂದ ಕೂಡಲೇ ನಮ್ಮವರಿಗೆ ಮಲ್ಪೆ ಬಂದರಿನಲ್ಲಿ ರಾಶಿ ಬಿದ್ದ ಹಸಿರು, ನೀಲಿ ಬಲೆ ಕಣ್ಣ ಮುಂದೆ ಬರುತ್ತದೆ. ಹಳೆ ಬಲೆಯ ನೈಲಾನ್ ಕರಗಿಸಿ ಫ್ರೇಮ್ ಮಾಡುವುದು ನಿಜಕ್ಕೂ ನಡೆಯುತ್ತಿದೆ. ಆದರೆ ಸಮುದ್ರದೊಳಗಿಂದ ತೆಗೆದದ್ದು ಒಂದು, ಸಮುದ್ರ ಸೇರುವ ಮೊದಲೇ ತೀರದ ಊರುಗಳಲ್ಲಿ ಆರಿಸಿದ್ದು ಇನ್ನೊಂದು. ಎರಡನೆಯದಕ್ಕೆ ಹೆಚ್ಚಾಗಿ ತೀರದಿಂದ 50 ಕಿ.ಮೀ. ಒಳಗಿನ ಕಸ ಎಂಬ ಲೆಕ್ಕ ಹಿಡಿಯುತ್ತಾರೆ. ಎರಡೂ ಒಳ್ಳೆಯದೇ, ಯಾವುದು ಎಂದು ಹೇಳದಿರುವುದು ಒಳ್ಳೆಯದಲ್ಲ.

ಮಣ್ಣಲ್ಲಿ ಕರಗುತ್ತದೆ ಎಂಬ ಮಾತಿಗೆ ಇನ್ನೂ ಹುಷಾರಾಗಿರಿ. ಬಯೋ ಅಸಿಟೇಟ್ ಕರಗುವುದನ್ನು ಪರೀಕ್ಷಿಸುವುದು ಕಾರ್ಖಾನೆ ಮಟ್ಟದ ಕಾಂಪೋಸ್ಟಿನ ಶಾಖದಲ್ಲಿ. ತೆಂಗಿನ ಬುಡಕ್ಕೆ ಹಾಕಿದರೆ ಹಾಗೆ ಆಗುವುದಿಲ್ಲ, ಪಚ್ಚನಾಡಿಯ ಕಸದ ರಾಶಿಗೆ ಹೋದರೂ ಆಗುವುದಿಲ್ಲ. ಗ್ಲಾಸ್, ಸ್ಕ್ರೂ ಅಂತೂ ಕರಗುವುದೇ ಇಲ್ಲ.

ಗುರುತುಗಳಲ್ಲಿ ಮರಕ್ಕೆ ಎಫ್‌ಎಸ್‌ಸಿ, ಮರುಬಳಕೆ ವಸ್ತುವಿಗೆ ಜಿಆರ್‌ಎಸ್, ಇಡೀ ಕಂಪನಿಯ ನಡವಳಿಕೆಗೆ ಬಿ ಕಾರ್ಪ್. ಇವನ್ನು ಆಯಾ ಸಂಸ್ಥೆಯ ಸೈಟಿನಲ್ಲಿ ಹೆಸರು ಹಾಕಿ ಹುಡುಕಬಹುದು. ಎಲೆ ಚಿತ್ರ ಇರುವ ಹೆಸರಿಲ್ಲದ ಮುದ್ರೆಯನ್ನು ಯಾರು ಬೇಕಾದರೂ ಒತ್ತಿಸಬಹುದು.

ಹಂತ 6: ಸೇವೆಯ ಮಾತನ್ನು ಇನ್ನೂ ಗಟ್ಟಿಯಾಗಿ ಕೇಳಿ

ಇದರ ಮೇಲೆ ನನಗೆ ಹೆಚ್ಚು ಕಾಳಜಿ, ಯಾಕೆಂದರೆ ಇದರಲ್ಲಿ ಒಳಿತು ನಿಜವಾಗಿ ದೊಡ್ಡದು. ಶಂಕರಪುರದ ಕಡೆ ಮಲ್ಲಿಗೆ ಕಟ್ಟುವ ಹೆಂಗಸರಲ್ಲಿ ನಲವತ್ತೈದು ದಾಟಿದವರನ್ನು ಗಮನಿಸಿ. ಮೊಗ್ಗು ಹಿಡಿದ ಕೈ ದೂರ ಹೋಗುತ್ತದೆ, ತಲೆ ಹಿಂದಕ್ಕೆ ಸರಿಯುತ್ತದೆ, ಬಾಳೆನಾರಿನ ಗಂಟು ಎಲ್ಲಿ ಬಿತ್ತು ಅಂತ ಬೆರಳಿನಿಂದ ತಡಕುತ್ತಾರೆ. ಬೀಡಿ ಕಟ್ಟುವವರದ್ದೂ ಇದೇ ಕತೆ, ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ರಜೆಯಲ್ಲಿ ಬಲೆ ನೇಯುವವರದ್ದೂ ಇದೇ. ಇವರಲ್ಲಿ ಎಷ್ಟೋ ಜನಕ್ಕೆ ಬೇಕಾಗಿರುವುದು ಒಂದು ಸಾದಾ ಚಾಳೀಸು. ಅಸ್ಸಾಮಿನಲ್ಲಿ ನಲವತ್ತು ದಾಟಿದ ಚಹಾ ತೋಟದ ಕೂಲಿಯವರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತಿರದ ಕನ್ನಡಕ ಸಿಕ್ಕವರ ಕೆಲಸ ಸಿಗದವರಿಗಿಂತ ಸುಮಾರು 22 ಶೇಕಡಾ ಹೆಚ್ಚು ಸಾಗಿತ್ತು. ಹಾಗಾಗಿ ಯಾವ ಬ್ರ್ಯಾಂಡ್ ಇದನ್ನು ಸರಿಯಾಗಿ ಮಾಡುತ್ತದೆ ಎಂದು ತಿಳಿಯುವುದು ಸಣ್ಣ ವಿಷಯ ಅಲ್ಲ.

ಇವನ್ನು ಕೇಳಿ:

1. ಕನ್ನಡಕ ಹಂಚುವ ಸಂಸ್ಥೆಯ ಹೆಸರೇನು? “ಬಡವರಿಗೆ ಕೊಡುತ್ತೇವೆ” ಅನ್ನುವುದು ಉತ್ತರ ಅಲ್ಲ. ಭಾರತದ ಸಂಸ್ಥೆಯಾದರೆ ಹೆಸರನ್ನು ಸೇವಾ ಸಂಸ್ಥೆಗಳ ಪಟ್ಟಿ ಇರುವ ನೀತಿ ಆಯೋಗದ ಎನ್‌ಜಿಒ ದರ್ಪಣ್ ಸೈಟಿನಲ್ಲೂ ಹುಡುಕಿ ನೋಡಿ.
2. ಕಣ್ಣು ಪರೀಕ್ಷೆ ಮಾಡಿ ಕೊಡುತ್ತಾರಾ, ಸುಮ್ನೆ ಡಬ್ಬಿಗಟ್ಟಲೆ ಕಳಿಸುತ್ತಾರಾ? ಪರೀಕ್ಷೆ ಇಲ್ಲದ ಹಂಚಿಕೆಯಲ್ಲಿ ಪೊರೆ, ಗ್ಲಾಕೋಮಾ ಇರುವವರು ಗೊತ್ತಾಗದೆ ಉಳಿದುಬಿಡುತ್ತಾರೆ.
3. ನಾನು ಕೊಂಡದ್ದಕ್ಕೂ ಅವರು ಕೊಡುವುದಕ್ಕೂ ಸಂಬಂಧ ಇದೆಯಾ? ಒಂದು ಕೊಂಡರೆ ಒಂದು ಎಂದಾದರೆ ಯಾವ ವರ್ಷ, ಎಲ್ಲಿ, ಎಷ್ಟು ಎಂಬ ವರದಿ ತೋರಿಸಲಿ.

ಮೂರನೆಯದಕ್ಕೆ ಒಂದು ವಿವರ ಸೇರಿಸಬೇಕು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಮ್ಮ ದೇಶದಲ್ಲಿ ನಿಗದಿತ ಗಾತ್ರ ದಾಟಿದ ಕಂಪನಿಗಳು, ಉದಾಹರಣೆಗೆ ವರ್ಷದ ನಿವ್ವಳ ಲಾಭ 5 ಕೋಟಿ ರೂಪಾಯಿ ಅಥವಾ ಜಾಸ್ತಿ ಇರುವವು, ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ 2 ಶೇಕಡಾವನ್ನು ಸಿಎಸ್‌ಆರ್‌ಗೆ, ಅಂದರೆ ಸಮಾಜದ ಕೆಲಸಕ್ಕೆ, ಖರ್ಚು ಮಾಡಲೇಬೇಕು. ದೊಡ್ಡ ಬ್ರ್ಯಾಂಡ್ ಸೇವೆಯ ಪೋಸ್ಟರ್ ಹಾಕಿದಾಗ ಅದು ಈ 2 ಶೇಕಡಾದ ಒಳಗಿನದ್ದೋ, ಮೇಲಿನದ್ದೋ ಎಂದು ನೋಡಿ. ಒಳಗಿನದ್ದಾದರೂ ಕೆಲಸ ಕೆಲಸವೇ, ಅದನ್ನು ಹೀಗಳೆಯಬೇಕಿಲ್ಲ. ಆದರೆ ನೀವು ಕೊಂಡ ಕನ್ನಡಕದಿಂದಲೇ ಅದು ಆಯಿತು ಎಂದು ನಂಬಿ ಹೆಚ್ಚು ದುಡ್ಡು ಕೊಡಬೇಕಿಲ್ಲ. ಸಿಎಸ್‌ಆರ್ ಯೋಜನೆಗಳನ್ನು ಕಂಪನಿ ತನ್ನ ಸೈಟಿನಲ್ಲಿ ಹಾಕಬೇಕು ಎಂಬ ನಿಯಮವೂ ಇದೆ, ಅಲ್ಲಿ ಓದಬಹುದು.

ಹಂತ 7: ಹೆಸರುಗಳನ್ನು ಇಟ್ಟುಕೊಂಡು ಹೋಲಿಸಿ

ಅಮೆರಿಕದ ವಾರ್ಬಿ ಪಾರ್ಕರ್ ಒಂದು ಕೊಂಡರೆ ಒಂದು ಕೊಡುವ ಕ್ರಮಕ್ಕೆ ಹೆಸರಾದದ್ದು. ಅದರ ಜೊತೆ ಕೆಲಸ ಮಾಡುವ ವಿಷನ್‌ಸ್ಪ್ರಿಂಗ್ ಭಾರತದಲ್ಲೂ ಕೆಲಸ ಮಾಡುತ್ತದೆ, ಪರೀಕ್ಷೆ ಮಾಡಿ ಕಡಿಮೆ ಬೆಲೆಗೆ ಕನ್ನಡಕ ಮುಟ್ಟಿಸುವ ಸಂಸ್ಥೆ. ಆದರೆ ವಾರ್ಬಿ ಪಾರ್ಕರ್ ಅಂಗಡಿಗಳಿರುವುದು ಅಮೆರಿಕ, ಕೆನಡಾದಲ್ಲಿ. ಅಲ್ಲಿರುವ ಮಗನಿಂದ ತರಿಸುವವರು ಇದ್ದಾರೆ. ಕಡ್ಡಿ ಸಡಿಲವಾದರೆ ಹಂಪನಕಟ್ಟೆಯಲ್ಲಿ ಅದರ ಬಿಡಿಭಾಗ ಸಿಗುವುದಿಲ್ಲ ಎಂಬುದು ಲೆಕ್ಕದಲ್ಲಿರಲಿ.

ಸ್ಪೇನ್‌ನ ಸೀ2ಸೀ, ಚಿಲಿಯ ಕರೂನ್, ಅಮೆರಿಕದ ಕೋಸ್ಟಾ ಕಂಪನಿಯ ಅನ್‌ಟ್ಯಾಂಗಲ್ಡ್ ಸರಣಿ ಹಳೆ ಬಲೆ, ಸಮುದ್ರದ ಪ್ಲಾಸ್ಟಿಕ್‌ನಿಂದ ಫ್ರೇಮ್ ಮಾಡುತ್ತವೆ. ಇವಕ್ಕೂ ಸಾಗಣೆ, ರಿಪೇರಿಯ ಅದೇ ಪ್ರಶ್ನೆ.

ನಮ್ಮ ಊರಿನ ಅಂಗಡಿಗಳಲ್ಲಿ ಸಿಗುವ ರೇ-ಬ್ಯಾನ್, ಓಕ್ಲಿ, ವೋಗ್ ಮೂರೂ ಎಸ್ಸಿಲೋರ್‌ಲುಕ್ಸೋಟಿಕಾ ಕಂಪನಿಯವು. ಅದಕ್ಕೆ ಒನ್‌ಸೈಟ್ ಎಂಬ ಫೌಂಡೇಶನ್ ಇದೆ. ಲೆನ್ಸ್‌ಕಾರ್ಟ್‌ಗೂ ತನ್ನದೇ ಫೌಂಡೇಶನ್ ಇದೆ, ಟೈಟನ್ ಐಪ್ಲಸ್ ಟಾಟಾ ಬಳಗದ್ದು. ಇವುಗಳ ಸೇವಾ ವರದಿಯನ್ನು ಹಂತ 6ರ ಪ್ರಶ್ನೆ ಹಿಡಿದು ಓದಿ, ಒಂದೇ ತಕ್ಕಡಿಯಲ್ಲಿ ತೂಗಿ.

ಎಲ್ಲೂ ಸಮಾಧಾನ ಆಗದಿದ್ದರೆ ಇನ್ನೊಂದು ನೇರ ದಾರಿ ಇದೆ. ಊರಿನ ನಂಬಿಕೆಯ ಆಪ್ಟಿಕಲ್ಸ್‌ನಲ್ಲಿ ಬಾಳುವ ಫ್ರೇಮ್ ತೆಗೆದುಕೊಂಡು, ಉಳಿದ ದುಡ್ಡನ್ನು ಕಣ್ಣಿನ ಕೆಲಸ ಮಾಡುವ ಸಂಸ್ಥೆಗೆ ರಸೀದಿ ಪಡೆದು ನೇರ ಕೊಡುವುದು. ಅಂಗಡಿ ಐದು ನಿಮಿಷದ ದೂರದಲ್ಲಿದ್ದರೆ ರಿಪೇರಿಯೂ ಆಗುತ್ತದೆ. ಇಲ್ಲಿಯವರಿಗೆ ಇದೇ ಹೆಚ್ಚು ಹೊಂದುತ್ತದೆ ಅನ್ನುವುದು ನನ್ನ ಅನಿಸಿಕೆ.

ಈ ಲಕ್ಷಣ ಕಂಡರೆ ನಿಲ್ಲಿಸಿ

ಶೇಕಡಾ ನೂರು ಪರಿಸರಸ್ನೇಹಿ ಎನ್ನುವುದು. ಹಂಚಿದ ಒಟ್ಟು ಸಂಖ್ಯೆ ಇದ್ದು ಸಂಸ್ಥೆಯ ಹೆಸರು ಇಲ್ಲದಿರುವುದು. ಒಂದು ಕನ್ನಡಕಕ್ಕೆ ಒಂದು ಗಿಡ ಎಂದು ಹೇಳಿ ಎಲ್ಲಿ ನೆಟ್ಟರು, ಈಗ ಬದುಕಿದೆಯಾ ಎಂದು ಹೇಳದಿರುವುದು. ತಂಪು ಕನ್ನಡಕದಲ್ಲಿ ಫ್ರೇಮಿನ ಕತೆ ಉದ್ದಕ್ಕೆ ಹೇಳಿ ಗ್ಲಾಸಿಗೆ ಯುವಿ400 (ಬಿಸಿಲಿನ ನೇರಳಾತೀತ ಕಿರಣ ತಡೆಯುವ ಗುಣ) ಇದೆಯಾ ಎಂಬುದನ್ನೇ ಬರೆಯದಿರುವುದು. ಈ ಕೊನೆಯದು ಕಣ್ಣಿಗೇ ಅಪಾಯ. ಯುವಿ ತಡೆಯದ ಕಪ್ಪು ಗ್ಲಾಸಿನ ಹಿಂದೆ ಪಾಪೆ ಅಗಲವಾಗಿ ಇನ್ನೂ ಹೆಚ್ಚು ಕಿರಣ ಒಳಗೆ ಹೋಗಬಹುದು. ಮಲ್ಪೆ, ಪಣಂಬೂರಿನ ಬಿಸಿಲಿನಲ್ಲಿ ಇದು ಸಣ್ಣ ಮಾತಲ್ಲ ಅಲ್ವಾ?

ಹಂತ 8: ಬಿಲ್ ಮಾಡಿಸುವಾಗ

ಬಾಗಿ, ತಲೆ ಅಲ್ಲಾಡಿಸಿ ಫ್ರೇಮ್ ಜಾರುತ್ತದಾ ನೋಡಿ. ಕಡ್ಡಿ ಬಗ್ಗಿಸಿ ಹೊಂದಿಸಿಕೊಡಿ ಎಂದು ಅಲ್ಲಿಯೇ ಕೇಳಿ. ಬಿಲ್ಲಿನಲ್ಲಿ ಫ್ರೇಮಿನ ಮಾಡೆಲ್ ನಂಬರ್, ಗ್ಲಾಸಿನ ಇಂಡೆಕ್ಸ್ (ಗ್ಲಾಸ್ ಎಷ್ಟು ತೆಳುವಾಗುತ್ತದೆ ಎಂದು ಹೇಳುವ ಅಂಕಿ), ಲೇಪ ಬರೆಸಿ.

ಗ್ಲಾಸಿನ ವಿಷಯದಲ್ಲಿ ಬೈಕ್ ಓಡಿಸುವವರಿಗೆ, ಮಕ್ಕಳಿಗೆ ಪಾಲಿಕಾರ್ಬೊನೇಟ್ ತೆಗೆಸಿ, ಸುಲಭಕ್ಕೆ ಒಡೆಯುವುದಿಲ್ಲ. ಪರದೆಯ ನೀಲಿ ಬೆಳಕು ತಡೆಯುತ್ತದೆ ಎಂದು ಮಾರುವ ಬ್ಲೂ ಕಟ್‌ಗೆ ಹೆಚ್ಚು ದುಡ್ಡು ಹಾಕಬೇಕಿಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟು ಸೇರಿಸಿ ತೂಗುವ ಕೊಕ್ರೇನ್ ಸಂಸ್ಥೆಯ 2023ರ ಪರಿಶೀಲನೆಯಲ್ಲಿ ಅದರಿಂದ ಕಂಪ್ಯೂಟರ್ ನೋಡುವಾಗಿನ ಕಣ್ಣಿನ ಆಯಾಸ ಕಡಿಮೆ ಆಗುವುದು ಕಂಡುಬಂದಿಲ್ಲ. ಆ ದುಡ್ಡು ಒಳ್ಳೆಯ ಫ್ರೇಮಿಗೆ ಹೋಗಲಿ. ಗೀರು ತಡೆಯುವ ಲೇಪ ಮಾತ್ರ ಬಿಡಬೇಡಿ, ಗ್ಲಾಸ್ ಬಾಳುವುದು ಅದರಿಂದ.

ಮನೆಗೆ ತಂದ ಮೇಲೆ ದಿನಾ ರಾತ್ರಿ ನಲ್ಲಿ ನೀರಿನಲ್ಲಿ ತೊಳೆದು ಹತ್ತಿ ಬಟ್ಟೆಯಲ್ಲಿ ಒರೆಸಿ, ಬೆವರಿನ ಉಪ್ಪು ಉಳಿಯಬಾರದು. ಬೈಂದೂರಿನಿಂದ ಉಳ್ಳಾಲದವರೆಗೆ ಯಾರಿಗಾದರೂ ಇದು ಬೇಕೇ ಬೇಕು. ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಫ್ರೇಮ್ ಸೊಟ್ಟಗಾಗುತ್ತದೆ, ಲೇಪ ಬಿರಿಯುತ್ತದೆ.

ಹಂತ 9: ಹಳೆಯದನ್ನು ಏನು ಮಾಡುವುದು

ಹಳೆ ಕನ್ನಡಕ ದಾನ ಅಂದರೆ ಎಲ್ಲರಿಗೂ ಖುಷಿ. ಆದರೆ 2012ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದವರ ಅಧ್ಯಯನದಲ್ಲಿ ದಾನಕ್ಕೆ ಬಂದ 275 ಕನ್ನಡಕ ಪರೀಕ್ಷಿಸಿದಾಗ ಬಳಸಲು ಯೋಗ್ಯವಾದದ್ದು 7 ಶೇಕಡಾ ಮಾತ್ರ. ಗೀರು ಬಿದ್ದದ್ದು, ಮುರಿದದ್ದು ಕೊಡಬೇಡಿ, ಅದನ್ನು ವಿಂಗಡಿಸುವ ಖರ್ಚು ಸೇವೆ ಮಾಡುವವರ ಮೇಲೆ ಬೀಳುತ್ತದೆ. ಗ್ಲಾಸ್ ಶುಭ್ರ ಇದ್ದು, ಎರಡೂ ಕಣ್ಣಿಗೆ ಹೆಚ್ಚು ಕಡಿಮೆ ಒಂದೇ ಪವರ್ ಇರುವ, ಸಿಲಿಂಡರ್ ಇಲ್ಲದ ಕನ್ನಡಕವಾದರೆ ಪವರ್ ಚೀಟಿಯನ್ನೂ ಅಂಟಿಸಿ, ಹಳೆ ಕನ್ನಡಕ ತೆಗೆದುಕೊಳ್ಳುವ ಲಯನ್ಸ್ ಕ್ಲಬ್ ಅಥವಾ ಕಣ್ಣಿನ ಶಿಬಿರದವರನ್ನು ಮೊದಲು ವಿಚಾರಿಸಿ ಕೊಡಿ. ಉಳಿದದ್ದರಲ್ಲಿ ಸ್ಕ್ರೂ, ಪ್ಯಾಡ್, ಕಡ್ಡಿ ನಿಮ್ಮ ಆಪ್ಟಿಕಲ್ಸ್‌ನವರಿಗೆ ಉಪಯೋಗಕ್ಕೆ ಬರಬಹುದು, ಕೇಳಿ ನೋಡಿ. ಏನೂ ಆಗದ್ದನ್ನು ಒಣ ಕಸದ ಜೊತೆ ಹಾಕಿ.